ಹಪ್ಪಳದ ಡಬ್ಬಿಯ ರಾಣಿ

ನಮ್ಮ ಮನೆಯಲ್ಲಿ ಹಲಸಿನ ಹಪ್ಪಳ ಇರುವುದು ಒಂದು ಸಿನೇಮಾ ಡಬ್ಬಿಯಲ್ಲಿ. ದುಂಡಗಿನ, ಚಪ್ಪಟೆಯಾದ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಐದು ಎಂಬ ಅಂಕಿ. ಹಪ್ಪಳಗಳನ್ನು ಒಂದರ ಮೇಲೊಂದು ಪೇರಿಸಿದರೆ ಸುತ್ತಲೂ ಎರಡು ಬೆರಳು ಜಾಗ ಉಳಿಯುತ್ತದೆ. ಆ ಜಾಗದಲ್ಲಿ ಆಯಿ ಮಜ್ಜಿಗೆ ಮೆಣಸು ತುಂಬುತ್ತಾಳೆ. ಮುಂಬಯಿಯಲ್ಲಿ ಸಿನೇಮಾ ತೆಗೆಯುವವರು ಇಷ್ಟು ಮುಂದಾಲೋಚನೆಯಿಂದ ಡಬ್ಬಿ ಮಾಡಿಸಿದ್ದಾರೆಂದು ಅವಳಿಗೆ ಅವರ ಮೇಲೆ ಗೌರವವಿದೆ. ಅವರ ಸಿನೇಮಾವನ್ನು ಮಾತ್ರ ಅವಳು ಇನ್ನೂ ನೋಡಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಒಳಗಿನಿಂದ ಕೂಗಿದಳು: "ತಮಾ, ಆ ಡಬ್ಬಿ ತೆಗ್ದು ಕೊಡು. ಮನ್ಮನೆ ಭಾವ ಊಟಕ್ಕೆ ಬತ್ನಡ."

"ಯಾವ ಡಬ್ಬಿ ಆಯಿ?"

"ಅದೇ, ರಾಣಿ ಡಬ್ಬಿ."

ಅಟ್ಟದ ಹಲಗೆಯಿಂದ ಡಬ್ಬಿ ಇಳಿಸಿದೆ. ಕೈಗೆ ತಣ್ಣಗೆ ಹತ್ತಿತು. ಅದನ್ನು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಆಯಿ ಮತ್ತೆರಡು ಸಲ ಕೂಗಿದಳೆಂದು ಆಮೇಲೆ ಗೊತ್ತಾಯಿತು.

ಮುಂದೆ ಹೇಳುವುದಕ್ಕಿಂತ ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದಕ್ಕೇ ಕಾಲೇಜಿಗೆ ಸೇರಿದ ದಿನದಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಆದರೆ ಅದನ್ನು ಬರೆದವನೂ ನಾನೇ ಆದ್ದರಿಂದ ದಿನಚರಿಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಚಿಕ್ಕಂದಿನಲ್ಲಿ ಸೋಂದೆಗೆ ಹೋದಾಗ ಒಬ್ಬನು ಹಿತ್ತಾಳೆ ಕಣ್ಣುಗಳ ಪೆಟ್ಟಿಗೆ ಹೊತ್ತು ತಂದಿದ್ದ. ಕಣ್ಣಿಟ್ಟು ನೋಡಿದರೆ ಒಳಗೆ ಚಿತ್ರಗಳು ತಿರುಗುತ್ತಿದ್ದವು. ಅದರಲ್ಲಿ ಅಂಬಾರಿ ಹೊತ್ತ ಆನೆ ಇತ್ತೆಂದು ನಾನು, ರೈಲಿನ ಹೊರತು ಬೇರೇನೂ ಇರಲಿಲ್ಲವೆಂದು ಅಕ್ಕ. ಇಬ್ಬರೂ ಒಂದೇ ಪೆಟ್ಟಿಗೆಯಲ್ಲಿ ಒಂದೊಂದು ಕಣ್ಣಿನಿಂದ ನೋಡಿದವರು. ಅವಳ ಮದುವೆಯಾಗಿ ಮನ್ಮನೆಗೆ ಹೋದ ಮೇಲೂ ಈ ವ್ಯಾಜ್ಯ ತೀರಿಲ್ಲ. ಧಾರವಾಡದಲ್ಲಿ ಬಿ.ಎ.ಗೆ ಇತಿಹಾಸ ಓದುವಾಗ ನಮ್ಮ ಪ್ರಾಧ್ಯಾಪಕರು ಸಾಕ್ಷ್ಯ, ಪುರಾವೆ ಎಂದು ಮೇಜು ಗುದ್ದಿದಾಗಲೆಲ್ಲ ನನಗೆ ಆ ಆನೆ ನೆನಪಾಗುತ್ತಿತ್ತು. ಅಥವಾ ಆ ರೈಲು.

ಹೀಗಿದ್ದೂ ಸಿನೇಮಾದ ವಿಷಯದಲ್ಲಿ ನಾನು ಬಹಳ ದಿನ ಊರಿನ ಮಾತನ್ನೇ ಆಡುತ್ತಿದ್ದೆ. ಹಿಂದಿನ ಪಿಕ್ಚರಿನ ಹಾಗೆ ಈಗಿನದು ಇಲ್ಲ ಎಂಬುದೇ ಆ ಮಾತು.

ಈ 'ಹಿಂದಿನ' ಎಂಬುದು ಎಷ್ಟು ಹಿಂದಿನದು ಎಂದು ನೀವು ಕೇಳಬಹುದು. ಏಳು ವರ್ಷ. ಏಳು ವರ್ಷಗಳ ಕೆಳಗೆ ಶಿರಸಿಯ ಡೇರೆಗೆ ಬರುತ್ತಿದ್ದವು ಮೂಕಿ ಪಿಕ್ಚರುಗಳು, ಈಗ ಬರುವವು ಮಾತಾಡುವ ಬೋಲಪಟಗಳು. ನಡುವಿನ ಏಳು ವರ್ಷಗಳಲ್ಲಿ ಒಂದು ಸ್ವರ್ಣಯುಗ ಹುಟ್ಟಿ, ಬೆಳೆದು, ಅಳಿದೂ ಹೋಯಿತು. ಅದಕ್ಕಾಗಿ ಶೋಕಿಸುವವರಲ್ಲಿ ನಮ್ಮ ಭಾವನೇ ಮುಖ್ಯ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಶುರುಮಾಡುತ್ತಿದ್ದ.

"ಹಿಂದಿನ ಪಿಕ್ಚರಿನ ಹಾಂಗೆ ಈಗಿಂದು ಎಲ್ಲಿದ್ದು ತಮಾ? ಆವಾಗಿನ ರಾಣಿಯರ ಮುಖ ನೋಡಿದ್ರೆ ಹೊಟ್ಟೆ ತುಂಬ್ತಿತ್ತು. ಈಗಿನ ರಾಣಿಯರು ಬಾಯಿ ಬಿಟ್ರೆ ಮುಚ್ಚದೇ ಇಲ್ಲೆ."

"ಹೌದು ಭಾವ."

"ಆ ವಿಷ ಕುಡಿಯೋ ರಾಣಿ ಪಿಕ್ಚರು ಬಂದಿತ್ತಲ, ಅಂಥದು ಇನ್ನು ಹುಟ್ತಿಲ್ಲೆ."

"ಹುಟ್ತಿಲ್ಲೆ ಭಾವ."

ಆ ಪಿಕ್ಚರಿನ ಹೆಸರು ಅವನಿಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ. ಊರಲ್ಲಿ ಯಾರಿಗೂ ಇರಲಿಲ್ಲ. 'ರಾಣಿ ಪಿಕ್ಚರು' ಎಂದರೆ ಸಾಕಿತ್ತು. ಹೆಗಡೆಕಟ್ಟೆಯಿಂದ ಗಾಡಿ ಕಟ್ಟಿಕೊಂಡು ಬಂದು ಮೂರು ಸಲ ನೋಡಿದವರಿದ್ದರು. ಅದು ಸರ್ವಶ್ರೇಷ್ಠ ಎಂಬ ಬಗ್ಗೆ ಎರಡು ಮಾತಿರಲಿಲ್ಲ. ಎರಡು ಮಾತಿಲ್ಲದ ಕಡೆ ಯಾರೂ ಕತೆ ಕೇಳುವುದಿಲ್ಲ. ಏಳು ವರ್ಷ ನಾವು ಆ ಪಿಕ್ಚರನ್ನು ಹೊಗಳಿದೆವು. ಅದರಲ್ಲಿ ಏನಾಯಿತು ಎಂದು ಭಾವನೂ ನಾನೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಮೂಕಿ ಪಿಕ್ಚರು ಎಂದರೆ ಡೇರೆಯೊಳಗೆ ಮೌನ ಎಂದು ಈಗಿನವರು ತಿಳಿದಿದ್ದಾರೆ. ಅಷ್ಟು ಗದ್ದಲದ ಜಾಗ ಶಿರಸಿಯಲ್ಲಿ ಇನ್ನೊಂದಿರಲಿಲ್ಲ. ಪರದೆಯ ಎಡಕ್ಕೆ ಹಾರ್ಮೋನಿಯಂ, ತಬಲಾ. ಬಲಕ್ಕೆ ಬೆತ್ತ ಹಿಡಿದು ಖಾದರಸಾಬರು. ಅವರು ಹಗಲು ಮೋಟಾರು ಸ್ಟ್ಯಾಂಡಿನಲ್ಲಿ ಯಲ್ಲಾಪುರ, ಸಿದ್ದಾಪುರದ ಮೋಟಾರುಗಳಿಗೆ ಸಾಮಾನು ಹೇರಿಸಿ ಇಳಿಸುವ ಏಜಂಟರು. ಡೇರೆ ಊರಿಗೆ ಬಂದರೆ ಸಂಜೆ ಕರಿ ಕೋಟು ಹಾಕಿಕೊಂಡು ಕತೆ ಹೇಳುವವರು. ಪರದೆಯ ಮೇಲೆ ಇಂಗ್ಲಿಷ್, ಗುಜರಾತಿ ಅಕ್ಷರಗಳು ಬಂದಾಗ ಅವರು ಆ ಕಡೆ ತಿರುಗಿ, ಗಂಭೀರವಾಗಿ ಒಂದು ಗಳಿಗೆ ನಿಂತು, ಜನರ ಕಡೆ ತಿರುಗಿ ಹೇಳುತ್ತಿದ್ದರು. ಆ ಎರಡೂ ಲಿಪಿ ಅವರಿಗೆ ಬರುತ್ತಿರಲಿಲ್ಲ. 'ರಾಜನಿಗೆ ಸಂಶಯ ಹುಟ್ಟಿತು' ಎಂಬ ಇಂಗ್ಲಿಷ್ ಸಾಲನ್ನು ನಾನು ಓದಿ ಮುಗಿಸುವಷ್ಟರಲ್ಲಿ ಅವರು ಇಷ್ಟು ಹೇಳಿರುತ್ತಿದ್ದರು:

"ರಾಣಿ ಕೇಳ್ತಾಳೆ, 'ಸ್ವಾಮೀ, ಊಟಕ್ಕೆ ಏಳಿ, ಸಾರು ಆರಿಹೋಗ್ತದೆ.' ರಾಜ ಅಂತಾನೆ, 'ಶತ್ರು ಬಾಗಿಲಿಗೆ ಬಂದಾನ, ನೀ ಸಾರಿನ ಮಾತಾಡ್ತಿ!' ಅಷ್ಟ್ರಲ್ಲಿ ಬಂದ ನೋಡಿ ಮಂತ್ರಿ. ಏನಂತಾನೆ? 'ಮಹಾರಾಜ್, ಅರ್ಜಿ ಕೊಡಿ, ನೋಡೋಣ.'"

ಮಂತ್ರಿಯ ಮಾತು ನಮ್ಮ ಮಾಮಲೇದಾರ ಕಚೇರಿಯ ಮಾತು. ರಾಣಿ ತೋಟದ ಕಡೆಯ ಮನೆಗಳವರ ಹಾಗೆ ಮಾತಾಡಿದರೆ ಶತ್ರುರಾಜ ಹುಬ್ಬಳ್ಳಿ ದಲಾಲನ ಹಾಗೆ ಮಾತಾಡುತ್ತಿದ್ದ. ರಜೆಗೆ ಊರಿಗೆ ಬಂದ ಕಾಲೇಜು ಹುಡುಗನಾದ ನಾನು ಬೆಂಚಿನ ಮೇಲೆ ಕೂತು, ಇಂಗ್ಲಿಷ್ ಓದಬಲ್ಲವನ ನಗೆ ನಗುತ್ತಿದ್ದೆ. ಆ ನಗೆ ಹೇಗಿರುತ್ತದೆಂದು ನಿಮಗೆ ಗೊತ್ತಿರಬಹುದು. ಈಗ ನಾನು ಮಾಸ್ತರಿಕೆ ಮಾಡುವ ಶಾಲೆಯಲ್ಲಿ ಆರನೇ ಇಯತ್ತೆಯ ಬುದ್ಧಿವಂತರು ನನ್ನನ್ನು ನೋಡಿ ಅದನ್ನೇ ನಗುತ್ತಾರೆ.

ಆಮೇಲೆ ಮಾತು ಬಂತು. ಚನ್ನಬಸಪ್ಪ ಎಂಬ, ಬನವಾಸಿ ಕಡೆಯ ಡೇರೆ ಮಾಲಕರು ಹೊಸ ಯಂತ್ರ, ದನಿ ಹೊರಡಿಸುವ ದೊಡ್ಡ ಕರ್ಣ, ಎಂಜಿನ್ನು ಎಲ್ಲ ಹೇರಿಕೊಂಡು ಬಂದರು. ಊರು ತುಂಬ ಗುಲಾಬಿ ಬಣ್ಣದ ಜಾಹೀರಾತು: 'ಮಾತಾಡುತ್ತದೆ! ಹಾಡುತ್ತದೆ!' ಹಾಡುತ್ತದೆ ಎಂದದ್ದು ಸುಳ್ಳಲ್ಲ. ಕತ್ತಿ ಹಿರಿದವನು ಹಾಡಿದ, ಕತ್ತಿಯ ಏಟು ತಿಂದವನೂ ಹಾಡಿದ. ಕುಡಿಯಲು ನೀರು ಕೇಳಿದವಳು ಹಾಡಿ ಕೇಳಿದ್ದರಿಂದ ನೀರು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಅವರ ಮಾತೆಲ್ಲ ಹಿಂದಿ, ಮರಾಠಿ. ಖಾದರಸಾಬರ ಕಾಲದಲ್ಲಿ ಶಿರಸಿಯ ಕನ್ನಡ ಆಡುತ್ತಿದ್ದ ರಾಜರಾಣಿಯರು ಬಾಯಿ ಬಂದ ದಿನವೇ ನಮ್ಮ ಪಾಲಿಗೆ ಮೂಕರಾದರು.

ಚನ್ನಬಸಪ್ಪನವರಿಗೂ ಇದು ತಿಳಿದಿರಬೇಕು. ಮೊದಲ ದಿನ ಖಾದರಸಾಬರನ್ನು ಕರೆಸಿ, ಹಳೆಯ ಹಾಗೆ ಪರದೆಯ ಪಕ್ಕ ನಿಲ್ಲಿಸಿದರು. ಖಾದರಸಾಬರು ಕರಿ ಕೋಟಿಗೆ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಆದರೆ ಈಗ ಕರ್ಣದ ದನಿಗಿಂತ ಮೇಲೆ ಕೂಗಬೇಕಿತ್ತು. ರಾಣಿ ಹಾಡಿದಳು, ಇವರು ಕೂಗಿದರು. ಅವಳು ಹಿಂದಿಯಲ್ಲಿ ಅತ್ತಳು, ಇವರು ಕನ್ನಡದಲ್ಲಿ ಅತ್ತರು. ಖುರ್ಚಿಯಲ್ಲಿ ಕೂತಿದ್ದ ನಾನು ಆಟ ಮುಗಿದ ಮೇಲೆ ಮಾಲಕರ ಹತ್ತಿರ ಹೋದೆ. ಬಿ.ಎ. ಆದವನು ಇಂಥ ಹೊತ್ತಿನಲ್ಲಿ ಸುಮ್ಮನಿರಬಾರದೆಂದು ನನಗೆ ಅನಿಸಿತ್ತು.

"ಇದು ಕಲೆ," ಎಂದೆ. "ಕಲಾವಿದರ ದನಿಯ ಮೇಲೆ ಇನ್ನೊಬ್ಬರ ದನಿ ಬೀಳಬಾರದು."

"ಹೌದೇನ್ರಿ ಮಾಸ್ತರ?" ಎಂದು ಚನ್ನಬಸಪ್ಪನವರು ಪೇಟ ಸರಿಮಾಡಿಕೊಂಡರು. "ನೀವು ಓದಿದಾವ್ರು. ನೀವ ಬ್ಯಾಡ ಅಂದಮ್ಯಾಲೆ ಮುಗೀತು. ಖಾದರಸಾಬ್ರ, ಕೇಳಿದ್ರೆಲ್ಲ? ಈ ಕ್ಯಾಂಪ್ ಮುಗಿಯೂತನಕ ಬಾಗಲ್ದಾಗ ನಿಂದ್ರರಿ, ಮಂದಿನ್ನ ಒಳಗ ಬಿಡ್ರಿ. ಮುಂದ ಡೇರೆ ಬಂದಾಗ ನಿಮಗ ತ್ರಾಸ ಕೊಡೂದಿಲ್ಲ."

ಖಾದರಸಾಬರು ನನ್ನ ಕಡೆ ನೋಡಲಿಲ್ಲ. ಬೆತ್ತವನ್ನು ಕೋಟಿನ ತೋಳಿನಿಂದ ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಆ ದಿನದ ನನ್ನ ದಿನಚರಿ ಹೀಗಿದೆ: 'ಇಂದು ಕಲೆಯ ಪರವಾಗಿ ಎರಡು ಮಾತಾಡಿದೆ. ಸಮಾಧಾನವಾಯಿತು.'

ಮಾರನೆಯ ದಿನದಿಂದ ಅವರು ಬಾಗಿಲಲ್ಲಿ ನಿಂತು ಜನರನ್ನು ಒಳಗೆ ಬಿಟ್ಟರು. ನಾನು ಹೋದಾಗಲೂ "ಬನ್ನಿ ಮಾಸ್ತರ್" ಎಂದು ಪರದೆ ಎತ್ತಿ ಹಿಡಿದರು. ಒಳಗೆ ಹೋಗಿ ಕೂತರೆ ರಾಜ ಏನನ್ನುತ್ತಿದ್ದಾನೆಂದು ತಿಳಿಯುತ್ತಿರಲಿಲ್ಲ. ಕಲೆಯ ಪರ ಮಾತಾಡಿದವನು ಕಲೆ ಅರ್ಥವಾಗಲಿಲ್ಲವೆಂದು ಯಾರಿಗೆ ಹೇಳಿಕೊಳ್ಳಬೇಕು?

ಕ್ಯಾಂಪಿನ ಕಡೆಯ ಎರಡು ದಿನಕ್ಕೆ ಒಂದು ದೊಡ್ಡ ಸುದ್ದಿ ಬಂತು. ರಾಣಿ ಪಿಕ್ಚರಿನದೇ ಕತೆಯನ್ನು ಯಾರೋ ಮತ್ತೆ ಬೋಲಪಟವಾಗಿ ತೆಗೆದಿದ್ದಾರಂತೆ. ಬೇರೆ ರಾಣಿ, ಬೇರೆ ರಾಜ, ಕತೆ ಮಾತ್ರ ಅದೇ. ಹಳೆಯದು ಮೇಲೋ ಹೊಸದು ಮೇಲೋ ಎಂಬ ಪ್ರಶ್ನೆಗೆ ಇನ್ನು ಪುರಾವೆ ಸಿಕ್ಕಂತೆಯೇ. ಭಾವ ಮನ್ಮನೆಯಿಂದ ಮಧ್ಯಾಹ್ನವೇ ಬಂದಿಳಿದ. ಹೊಸ ಪಿಕ್ಚರು ಕೆಟ್ಟದಾಗಿರುವುದನ್ನು ನೋಡಲು ಅವನಿಗೆ ಅಷ್ಟು ಉತ್ಸಾಹ.

"ಕಡೇ ಸೀನು ಹ್ಯಾಂಗೆ ತೆಗದ್ವ ನೋಡವು," ಎಂದ ಜಗಲಿಯಲ್ಲಿ ಕೂತು. "ರಾಣಿ ವಿಷ ಕುಡ್ದು ಸಾಯ್ತು, ರಾಜ ಹೆಣದ ಮೇಲೆ ಬಿದ್ದು ಅಳ್ತ. ಅಲ್ಲಿಗೆ ಮುಗತ್ತು. ಆಹಾ!"

"ಮುಗಿಯದು ಎಲ್ಲಿ ಭಾವ? ಆಮೇಲೆ ಎದ್ದು ಬತ್ತಲ, ಬಿಳೀ ಕುದ್ರೆ ಹತ್ತಿ?"

"ಯಾರು?"

"ರಾಣಿ."

"ಸತ್ತ ರಾಣಿ?"

"ಹ್ಞಾಂ."

ಭಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. "ತಮಾ, ಬಿ.ಎ.ಲಿ ಇದನ್ನೇ ಕಲಿಸಿದ್ವ?"

ಮಾತಿಗೆ ಮಾತು ಬೆಳೆಯಿತು. ಅವನು ಸಿದ್ದಾಪುರದಲ್ಲಿ ನೋಡಿದವನು, ನಾನು ಶಿರಸಿಯಲ್ಲಿ. ರಾಣಿ ಸತ್ತಳೆಂದು ಅವನು ಕುಲದೇವರ ಮೇಲೆ ಆಣೆ ಮಾಡಿದ. ರಾಣಿ ಕುದುರೆ ಹತ್ತಿ, ಕೂದಲು ಹಾರಿಸುತ್ತ, ಶತ್ರುವಿನ ಡೇರೆಯ ಹಗ್ಗ ಕಡಿದದ್ದನ್ನು ನಾನು ಕಣ್ಣಿಗೆ ಕಟ್ಟಿದಂತೆ ವರ್ಣಿಸಿದೆ. ಕುದುರೆಯ ಬಾಯಿಯ ನೊರೆಯನ್ನೂ ಬಿಡಲಿಲ್ಲ. ಒಳಗಿನಿಂದ ಆಯಿ ಕೂಗಿದಳು: "ಯಾರು ಸತ್ರಡ?"

ಕಡೆಗೆ, ನನ್ನಲ್ಲಿ ದಾಖಲೆ ಇದೆ ಎಂದೆ. ಒಳಗೆ ಹೋಗಿ ಆ ವರ್ಷದ ದಿನಚರಿ ಹುಡುಕಿ ತೆಗೆದೆ. ಬಾಗಿಲ ಹಿಂದೆ ನಿಂತು ಮೊದಲು ನಾನೊಬ್ಬನೇ ಓದಿಕೊಂಡೆ.

'ಸಂಜೆ ಡೇರೆಯಲ್ಲಿ ರಾಣಿಯ ಪಿಕ್ಚರು. ರಾಣಿ ವಿಷದ ಬಟ್ಟಲು ಎತ್ತುವ ಹೊತ್ತಿಗೆ ತಲೆನೋವು ತಡೆಯಲಾಗಲಿಲ್ಲ. ಎದ್ದು ಬಂದೆ. ಶುಂಠಿ ಕಷಾಯ ಕುಡಿದು ಮಲಗಿದೆ.'

ಎರಡು ಸಲ ಓದಿದೆ. ಅಕ್ಷರ ನನ್ನದೇ. ಎದ್ದು ಬಂದೆ. ಹಾಗಾದರೆ ಕುದುರೆ? ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತಿತ್ತು, ಬಿಳಿ ಕುದುರೆ, ನೊರೆ, ಹಾರುವ ಕೂದಲು. ಮಾರನೆಯ ದಿನ ಊರವರು ಹೇಳಿದ್ದನ್ನು ಕೇಳಿ ಕೇಳಿ, ಏಳು ವರ್ಷ ಅದನ್ನೇ ನೋಡಿದವನಂತೆ ಹೇಳುತ್ತ ಬಂದಿದ್ದೆ. ದಿನಚರಿ ಮುಚ್ಚಿಟ್ಟು ಹೊರಗೆ ಬಂದೆ.

"ಸಿಕ್ತಾ?" ಎಂದ ಭಾವ.

"ಗೆದ್ದಲು ಹಿಡದ್ದು," ಎಂದೆ. "ಖಾದರಸಾಬ್ರನ್ನೇ ಕೇಳನ ಬಾ."

ಖಾದರಸಾಬರು ಮೋಟಾರು ಸ್ಟ್ಯಾಂಡಿನಲ್ಲಿ ಅಡಿಕೆ ಚೀಲಗಳ ಮೇಲೆ ಕೂತಿದ್ದರು. ಇಬ್ಬರ ಮಾತನ್ನೂ ಕೊನೆಯತನಕ ಕೇಳಿದರು.

"ಇಬ್ರೂ ಖರೇನೇ ಹೇಳ್ತೀರಿ," ಎಂದರು. "ತಪ್ಪು ನಂದು. ಯಲ್ಲಾಪುರದಿಂದ ಎಂಟು ಡಬ್ಬಿ ಬರಬೇಕಿತ್ತು. ಮೋಟಾರಿನಿಂದ ಇಳಿಸ್ಕೊಂಡವ ನಾನೇ. ಐದನೇ ಡಬ್ಬಿ ಮೇಲೆ ಯಾರೋ ಬಾಳೆಗೊನೆ ಇಟ್ಟಿದ್ರು, ನನಗೆ ಕಾಣ್ಲಿಲ್ಲ. ಮೋಟಾರು ಸೀದಾ ಸಿದ್ದಾಪುರಕ್ಕೆ ಹೋಯ್ತು. ಐದನೇದು ಬಿಟ್ಟು ಆಟ ಶುರು ಮಾಡಿದ್ವಿ. ರಾಣಿ ಸತ್ತಳು. ಹೆಂಗಸ್ರೆಲ್ಲ ಅಳ್ತಾ ಇದ್ರು. ಆವಾಗ ಬಂತು ನೋಡಿ ಮೋಟಾರು, ಬಾಳೆಗೊನೆ, ಡಬ್ಬಿ ಸಮೇತ."

"ಆಮೇಲೆ?"

"ಆಗಿನ ಮಾಲಕ್ರು ಹೇಳಿದ್ರು, ಒಂದು ರೀಲು ಕಮ್ಮಿ ತೋರಿಸಿದ್ರೆ ಊರಲ್ಲಿ ಮರ್ಯಾದಿ ಹೋಗ್ತದೆ, ಹಾಕಿ ಅಂತ. ಹಾಕಿದ್ವಿ. ಸತ್ತ ರಾಣಿ ಪರದೆ ಮೇಲೆ ನಗ್ತಾ ಬಂದಳು. ನಾ ಏನ್ ಮಾಡ್ಲಿ? ಬೆತ್ತ ಎತ್ತಿ, 'ಗುರುಗಳ ಮಂತ್ರದಿಂದ ಎದ್ದಳು ರಾಣಿ!' ಅಂದೆ. ಡೇರೆ ಹಾರಿಹೋಗುವ ಹಾಂಗೆ ಚಪ್ಪಾಳೆ. ಮರುದಿನ ಬರೋಬರಿ ಕ್ರಮದಲ್ಲಿ ಹಾಕಿದ್ರೆ ಜನ ಬಿಡ್ಲೇ ಇಲ್ಲ, ರಾಣಿ ಏಳಬೇಕು ಅಂತ ಕೂತ್ರು. ಶಿರಸಿ ಕ್ಯಾಂಪ್ ಪೂರ್ತಿ ಐದನೇದು ಕಡೆಗೇ. ಸಿದ್ದಾಪುರದಲ್ಲಿ ಬರೋಬರಿ ಹಾಕಿದ್ವಿ. ಅಲ್ಲಿಯವ್ರು ಅತ್ತು ಸುಮ್ನೆ ಮನೆಗೆ ಹೋದ್ರು, ಪಾಪ, ಸಭ್ಯ ಜನ."

ಸಭ್ಯ ಎಂದದ್ದು ಭಾವನಿಗೆ ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ.

ಖಾದರಸಾಬರು ಆಫೀಸಿನ ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿದ ಡಬ್ಬಿಯೊಂದನ್ನು ತಂದು ತೋರಿಸಿದರು. ಮೇಲೆ ಐದು. "ಮೂಕಿ ನಿಂತ ಮೇಲೆ ಹಳೇ ರೀಲೆಲ್ಲ ಬಳೆ ಬಾಚಣಿಗೆ ಮಾಡೋರಿಗೆ ಹೋದವು. ಇದೊಂದು ನಾ ಕೇಳಿ ಇಟ್ಕೊಂಡೆ. ನಾಳೆಗೆ ಕ್ಯಾಂಪ್ ಮುಗೀತದೆ, ನನ್ನ ಕೆಲಸಾನೂ ಮುಗೀತದೆ. ಇದಾದ್ರೂ ಇರ್ಲಿ."

ಬೈದಿದ್ದರೆ ಒಳ್ಳೆಯದಿತ್ತು. ನಾನು ಡಬ್ಬಿಯ ಮೇಲಿನ ಅಂಕಿಯನ್ನು ನೋಡುತ್ತ ನಿಂತೆ.

ಆ ಸಂಜೆ ಡೇರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ರಾಣಿ ಚೆನ್ನಾಗಿಯೇ ಇದ್ದಳು. ಹೊಸ ರಾಜನ ಪೋಷಾಕೂ ಚೆನ್ನಾಗಿತ್ತು. ಭಾವ ಮಾತ್ರ ಪ್ರತಿ ಸೀನಿಗೂ "ಹಿಂದಿಂದು ಹೀಂಗಿತ್ತಿಲ್ಲೆ" ಎಂದು ನನ್ನ ಪಕ್ಕೆ ತಿವಿಯುತ್ತಿದ್ದ. ರಾಣಿ ವಿಷದ ಬಟ್ಟಲನ್ನು ಎತ್ತಿ ಒಂದು ಹಾಡು, ಕುಡಿದು ಒಂದು ಹಾಡು, ಬಿದ್ದು ಅರ್ಧ ಹಾಡು ಹಾಡಿ ಸತ್ತಳು. ರಾಜ ಅತ್ತ. ಇಂಗ್ಲಿಷಿನಲ್ಲಿ 'ಮುಗಿಯಿತು' ಎಂದು ಬಂತು. ದೀಪ ಹತ್ತಿತು.

ಯಾರೂ ಏಳಲಿಲ್ಲ.

ಮೊದಲು ಚನ್ನಬಸಪ್ಪನವರು ನಕ್ಕರು. "ಮುಗೀತ್ರಿ, ಮುಗೀತು. ಏಳ್ರಿ."

"ರಾಣಿ ಏಳಲಿ," ಎಂದಿತು ನೆಲದ ಮೇಲಿನ ಒಂದು ದನಿ.

"ಆಕಿ ಸತ್ತಾಳ್ರಿ!"

"ಗೊತ್ತಿದ್ದು. ಎದ್ದು ಬರಲಿ."

"ಕುದ್ರೆ ಎಲ್ಲಿದ್ದು? ಕುದ್ರೆ ಸೀನು ಕಡ್ದಿದ್ದ ಇವ!"

"ನಮ್ಮೂರಿಗೆ ಮಾತ್ರ ಅರ್ಧ ಪಿಕ್ಚರು ತೋರಿಸ್ತೀರೇನ್ರಿ?"

ಹೆಗಡೆಕಟ್ಟೆಯವರು ಕಂಬಳಿ ಹಾಸಿ ಇನ್ನೂ ಭದ್ರವಾಗಿ ಕೂತರು. ಹೊರಗೆ ಎರಡನೇ ಆಟದ ಜನ ಡೇರೆಯ ಬಟ್ಟೆ ಎಳೆಯತೊಡಗಿದ್ದರು. ಚನ್ನಬಸಪ್ಪನವರು ನನ್ನ ಹತ್ತಿರ ಓಡಿ ಬಂದರು. "ಮಾಸ್ತರ, ನೀವಾದ್ರೂ ಹೇಳ್ರಿ, ಇದು ಕಲಾ ಅಂತ. ಮಂದಿ ಏಳವಲ್ರು."

ಎದ್ದು ನಿಂತೆ. ಬಿ.ಎ. ಆದ ಮೇಲೆ ಮೊದಲ ಸಲ ಕಲೆಯ ಮಾತೆತ್ತಲಿಲ್ಲ. "ಖಾದರಸಾಬರನ್ನು ಕರೆಯಿರಿ," ಎಂದೆ. "ಅವರ ಹತ್ತಿರ ಒಂದು ರೀಲಿದೆ."

ಬಾಗಿಲಲ್ಲಿ ನಿಂತಿದ್ದ ಖಾದರಸಾಬರು ನನ್ನನ್ನು ನೋಡಿದರು. ಸ್ಟ್ಯಾಂಡಿಗೆ ಹೋಗಿ ಬರುವುದಕ್ಕೆ ಅವರಿಗೆ ಒಂದು ವೀಳ್ಯ ಹಾಕುವಷ್ಟು ಹೊತ್ತೂ ಬೇಕಾಗಲಿಲ್ಲ. ಬರುವಾಗ ಕಂಕುಳಲ್ಲಿ ಡಬ್ಬಿ, ಕೈಯಲ್ಲಿ ಬೆತ್ತ. ಯಂತ್ರದವನು ಗೊಣಗುತ್ತ ರೀಲು ಏರಿಸಿದ. ದೀಪ ಆರಿತು.

ಪರದೆಯ ಮೇಲೆ ಹಳೆಯ ರಾಣಿ ಬಂದಳು. ಈಗಷ್ಟೇ ಸತ್ತವಳಿಗೂ ಇವಳಿಗೂ ಮುಖದಲ್ಲಿ, ಎತ್ತರದಲ್ಲಿ, ಸೀರೆಯಲ್ಲಿ ಯಾವ ಹೋಲಿಕೆಯೂ ಇರಲಿಲ್ಲ. ಯಾರೂ ಅದನ್ನು ಕೇಳಲಿಲ್ಲ. "ಗುರುಗಳ ಮಂತ್ರದಿಂದ," ಎಂದರು ಖಾದರಸಾಬರು, ಏಳು ವರ್ಷ ಹಳೆಯ ದನಿಯಲ್ಲಿ, "ಹೊಸ ದೇಹ ಪಡೆದು ಎದ್ದಳು ರಾಣಿ!" ಡೇರೆ ಒಂದೇ ಉಸಿರು ಬಿಟ್ಟಿತು.

ನಾನು ಮುಂದಕ್ಕೆ ಬಾಗಿ ಕೂತೆ. ಈ ಸಲ ತಲೆನೋವಿರಲಿಲ್ಲ. ಕುದುರೆ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ರಾಣಿ ಉದ್ಯಾನದಲ್ಲಿ ನಡೆದಳು. ಹೊಸ ಯಂತ್ರದ ವೇಗಕ್ಕೆ ಅಂಗಳದಲ್ಲಿ ಒಣಹಾಕಿದ ಹಪ್ಪಳಕ್ಕೆ ಮಳೆ ಬಿದ್ದದ್ದನ್ನು ಕಂಡವಳಂತೆ ಓಡಾಡಿದಳು. "ಎದ್ದ ಜೀವಕ್ಕೆ ಎಷ್ಟು ಅವಸರ ನೋಡಿ!" ಎಂದರು ಖಾದರಸಾಬರು. ರಾಣಿ ಒಂದು ಜಿಂಕೆಗೆ ಹುಲ್ಲು ತಿನ್ನಿಸಿದಳು, ಸಖಿಯ ಜೊತೆ ನಕ್ಕಳು, ಹೂ ಮೂಸಿದಳು. ಶತ್ರುವಿನ ಸುಳಿವಿಲ್ಲ, ಡೇರೆಯ ಹಗ್ಗವಿಲ್ಲ. ಕುದುರೆಯ ಬಾಲವೂ ಇಲ್ಲ.

ಅಷ್ಟರಲ್ಲಿ ರಾಣಿ ಹೂ ಹಿಡಿದಲ್ಲೇ ನಿಂತುಬಿಟ್ಟಳು. ಪರದೆಯ ನಡುವೆ ಒಂದು ಕಂದು ಚುಕ್ಕೆ ಕಾಣಿಸಿತು. ಕೆಂಡದ ಮೇಲೆ ಹಾಕಿ ಮರೆತ ಹಪ್ಪಳದಂತೆ ಅದು ನಡುವಿನಿಂದ ಗುಳ್ಳೆಯೆದ್ದು ಹರಡಿ, ರಾಣಿಯನ್ನು ನುಂಗಿತು. ಯಂತ್ರದವನು ಕೂಗಿಕೊಂಡು ರೀಲನ್ನು ಎಳೆದು ಹರಿದು ಕಾಲಿನಿಂದ ತುಳಿದ. ಪರದೆಯ ಮೇಲೆ ಉಳಿದದ್ದು ಬರಿಯ ಬೆಳಕು.

ಖಾದರಸಾಬರು ತಿರುಗಿ ಪರದೆಯನ್ನು ನೋಡಿದರು. ಗುಜರಾತಿ ಅಕ್ಷರದ ಮುಂದೆ ನಿಲ್ಲುತ್ತಿದ್ದ ಹಾಗೆಯೇ ಗಂಭೀರವಾಗಿ ಒಂದು ಗಳಿಗೆ ನಿಂತರು. ಆಮೇಲೆ ಬೆತ್ತ ಎತ್ತಿದರು.

"ಬಂತು ನೋಡಿ ಬಿಳೀ ಕುದುರೆ!"

ಹೊರಗೆ ಎಂಜಿನ್ನು ಡುಗುಡುಗು ಎನ್ನುತ್ತಲೇ ಇತ್ತು. ಇಡೀ ಸಂಜೆ ನಮ್ಮನ್ನು ಪೀಡಿಸಿದ್ದ ಆ ಸದ್ದು ಈಗ ಗೊರಸಿನ ಸದ್ದಾಯಿತು. ಖಾದರಸಾಬರ ಬೆತ್ತ ಬೆಳಕಿನ ಮೇಲೆ ಎಡದಿಂದ ಬಲಕ್ಕೆ ಓಡಿತು. ಜನರ ತಲೆಗಳೂ ಎಡದಿಂದ ಬಲಕ್ಕೆ ತಿರುಗಿದವು. ರಾಣಿ ಹಳ್ಳ ಹಾರಿದಳು, ಕತ್ತಿ ಬೀಸಿದಳು, ಹಗ್ಗ ಕಡಿದಳು. ಶತ್ರುರಾಜ ಹುಬ್ಬಳ್ಳಿ ದಲಾಲನ ದನಿಯಲ್ಲಿ "ತಪ್ಪಾತ್ರಿ" ಎಂದ. ಮಂತ್ರಿ, "ಅರ್ಜಿ ಕೊಡಿ, ನೋಡೋಣ" ಎಂದ. ಡೇರೆ ಬಿದ್ದು ಬಿದ್ದು ನಕ್ಕಿತು. ಕಡೆಗೆ ರಾಣಿ ಅರಮನೆಗೆ ಬಂದು ರಾಜನಿಗೆ ಹೇಳಿದಳು: "ಸಾರು ಆರಿಹೋಗಿದೆ, ಬಿಸಿ ಮಾಡಲೇ?"

ಜನ ಕಣ್ಣೊರೆಸಿಕೊಂಡು ಎದ್ದರು. ಅವರೆಲ್ಲ ಹೊರಟ ಮೇಲೂ ಪರದೆಯ ಮೇಲೆ ಬೆಳಕು ಹಾಗೆಯೇ ಇತ್ತು.

ಚನ್ನಬಸಪ್ಪನವರು ಪೇಟ ತೆಗೆದು ಬೆವರೊರೆಸಿಕೊಂಡರು. "ಸಾಬ್ರ, ನಾಳೆ ಬೆತ್ತ ತಗೊಂಡ ಬರ್ರಿ. ಆಟ ಮುಗಿದಮ್ಯಾಲೆ ಎದ್ದು ನಿಂತು, ಮುಂದ ಏನಾತು ಅಂತ ಹೇಳ್ರಿ. ಮುಂದಿನ ಕ್ಯಾಂಪಿಗೂ ಬರ್ರಿ." ಆಮೇಲೆ ನನ್ನ ಕಡೆ ತಿರುಗಿ, "ಏನ್ರಿ ಮಾಸ್ತರ, ಪಿಕ್ಚರ್ ಮುಗಿದಮ್ಯಾಲೆ ಮಾತಾಡಿದ್ರ ಕಲಾಕ್ಕ ಏನೂ ತೊಂದ್ರಿ ಇಲ್ಲಲ್ಲ?" ಎಂದರು.

ಇಲ್ಲ ಎಂದೆ. ಖಾದರಸಾಬರ ಹತ್ತಿರ ಹೋಗಿ, ಅವತ್ತು ನಾನು ಆಡಿದ್ದು ತಪ್ಪಾಯಿತು ಎಂದೆ.

"ತಪ್ಪೇನ್ ಬಂತು ಮಾಸ್ತರ್," ಎಂದು ಅವರು ಬಗ್ಗಿ ಖಾಲಿ ಡಬ್ಬಿ ಎತ್ತಿಕೊಂಡರು. "ನಿಮಗೆ ಮೊದಲಿಂದಲೂ ತಲೆನೋವು. ಆ ವರ್ಷಾನೂ ರಾಣಿ ಸಾಯುವಾಗ ಎದ್ದು ಹೋದ್ರಿ. ನಾ ಪರದೆ ಹತ್ರ ನಿಂತು ನೋಡಿದ್ದೆ."

ಏಳು ವರ್ಷ ನಾನು ಸ್ಟ್ಯಾಂಡಿನಲ್ಲಿ, ಅವರೆದುರಿಗೇ, ಕುದುರೆಯ ನೊರೆಯ ವರ್ಣನೆ ಮಾಡಿದ್ದುಂಟು. ಅವರು ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

"ಇದು ನೀವು ಇಟ್ಕೊಳ್ಳಿ," ಎಂದು ಡಬ್ಬಿಯನ್ನು ನನ್ನ ಕೈಗಿಟ್ಟರು. "ಆ ರೀಲಲ್ಲಿ ಕುದುರೆ ಎಂದೂ ಇರ್ಲಿಲ್ಲ, ಆವಾಗ್ಲೂ ನಾನೇ ಬಾಯಲ್ಲಿ ಓಡಿಸಿದ್ದೆ. ಹೇಳುವವನಿಗೆ ರೀಲು ಬೇಡ. ನೀವು ಬರೆಯುವವ್ರು, ನಿಮಗೆ ಪುರಾ‌ವೆ ಬೇಕಲ್ಲ."

ಪುರಾವೆಯನ್ನು ಮನೆಗೆ ತಂದೆ. ಆಯಿ ಅದನ್ನು ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗಿಟ್ಟು, ಹಪ್ಪಳ ತುಂಬಿದಳು. ಖಾದರಸಾಬರು ಈಗಲೂ ಡೇರೆ ಬಂದಾಗ ಕರಿ ಕೋಟು ಹಾಕುತ್ತಾರೆ. ಬೋಲಪಟಗಳಲ್ಲಿ ಯಾರು ಸತ್ತರೂ ಶಿರಸಿಯಲ್ಲಿ ಅವರು ಸತ್ತೇ ಇರುವುದಿಲ್ಲ.

ಮೊನ್ನೆ ಭಾನುವಾರದ ಊಟಕ್ಕೆ ಬರುತ್ತೇನೆ. ಆಯಿ ಡಬ್ಬಿಯನ್ನು ನನ್ನ ಕೈಯಿಂದ ಕಸಿದುಕೊಂಡು ಹೋಗಿ ಹಪ್ಪಳ ಸುಟ್ಟಳು. ಭಾವ ಎಲೆಯ ತುದಿಯಲ್ಲಿ ಹಪ್ಪಳ ಮುರಿದ. ಮಾತು ಸಹಜವಾಗಿ ಪಿಕ್ಚರಿಗೆ ಬಂತು.

"ಆ ದಿನ ಖಾದರಸಾಬ ತೋರಿಸಿದ್ದು ಚೊಲೋನೇ ಇತ್ತು ತಮಾ, ಇಲ್ಲೆ ಹೇಳ್ತ್ನಿಲ್ಲೆ," ಎಂದ. "ಆದ್ರೂ ಹಿಂದಿಂದರ ಹಾಂಗೆ ಅಲ್ಲ."

"ಯಾವುದು ಭಾವ?"

"ಕುದ್ರೆ. ಹಿಂದಿನ ಕುದ್ರೆ ಇದಕ್ಕಿಂತ ಬೆಳ್ಳಗಿತ್ತು."

ಸಿದ್ದಾಪುರದಲ್ಲಿ ರಾಣಿ ಸತ್ತದ್ದನ್ನು ನೋಡಿ, ಅತ್ತು, ಸಭ್ಯನಾಗಿ ಮನೆಗೆ ಹೋದವನು ಈ ಮಾತು ಹೇಳಿದ. ನಾನು ಬಾಯಿ ತೆರೆದೆ. ಹಿಂದೆಯೂ ಇಲ್ಲದ, ಈಗಲೂ ಇಲ್ಲದ ಕುದುರೆಯ ಬಗ್ಗೆ ಇತಿಹಾಸದ ವಿದ್ಯಾರ್ಥಿ ಹೇಳಬೇಕಾದ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಕಣ್ಣೆದುರಿಗೆ ಕುದುರೆಯೂ ಬಂತು.

"ಬೆಳ್ಳಗಿತ್ತು ಭಾವ," ಎಂದೆ. "ಹಣೆ ಮೇಲೆ ಮಾತ್ರ ಒಂದು ಕಂದು ಚುಕ್ಕೆ."

"ಹಾಂ, ಹಾಂ," ಎಂದು ಭಾವ ಇನ್ನೊಂದು ಹಪ್ಪಳಕ್ಕೆ ಕೈ ಚಾಚಿದ. "ಅದನ್ನೇ ನಾನೂ ಹೇಳವು ಹೇಳಿ ಇದ್ದಿದ್ದೆ."